ಗರಡಿಗೆ ಹೊಲಿದುಕೊಟ್ಟವಳು

ನಮ್ಮ ಅತ್ತಿಗೆ ಮಾತಾಡುವಾಗಲೂ ತುಟಿಗಳ ನಡುವೆ ಸೂಜಿ ಕಚ್ಚಿಕೊಂಡೇ ಇರುತ್ತಿದ್ದಳು. ಮಾತು ಬಾಯಿಯ ಒಂದು ಮೂಲೆಯಿಂದ ಮಾತ್ರ ಹೊರಡುತ್ತಿತ್ತು. ನಗುತ್ತಿದ್ದಾಳೋ ಗದರುತ್ತಿದ್ದಾಳೋ ಹೊಸಬರಿಗೆ ತಿಳಿಯುತ್ತಿರಲಿಲ್ಲ. ನನಗೆ ತಿಳಿಯುತ್ತಿತ್ತು, ನಗುವಾಗ ಸೂಜಿಯ ತುದಿ ಮೇಲಕ್ಕೆ ಏಳುತ್ತಿತ್ತು.

ಪಟ್ಟಣದ ಕೋಟೆ ಬಿದ್ದ ಬೇಸಿಗೆಯಲ್ಲಿ ಅವಳು ತೀರಿಕೊಂಡಳು. ಸುಲ್ತಾನರೇ ಹೋದರು, ಕೋಟೆಯೇ ಹೋಯಿತು ಎಂದು ಸೀಮೆಯೆಲ್ಲ ದಿಕ್ಕೆಟ್ಟು ಕುಳಿತಿದ್ದಾಗ ಒಬ್ಬ ಆಚಾರಿ ಹೆಂಗಸು ಹೋದದ್ದನ್ನು ಯಾರು ಕೇಳುತ್ತಾರೆ? ಅವಳು ಹೊಲಿದುಕೊಟ್ಟದ್ದನ್ನು ತೊಟ್ಟು ಆಡಿದವರಲ್ಲಿ ಬಹಳ ಮಂದಿ ಅವಳಿಗಿಂತ ಮೊದಲೇ ಮಣ್ಣಾಗಿದ್ದರು. ನೆನೆಯುವುದಕ್ಕೆ ಉಳಿದವನು ನಾನು.

ನಮ್ಮದು ಹಿರೋಡೆಯಲ್ಲಿ ಗಾಡಿ ಮಾಡುವವರ ಮನೆ. ಬೆಳಿಗ್ಗೆ ಹೊರಟರೆ ಬಿಸಿಲೇರುವ ಹೊತ್ತಿಗೆ ಪಟ್ಟಣ ಸೇರುವಷ್ಟು ದಾರಿ. ಅಪ್ಪ ಸತ್ತ ಮೇಲೆ ಉಳಿ, ಬಾಚಿ ನನ್ನ ಪಾಲಿಗೆ ಬಂದವು. ಅಣ್ಣನೂ ಕೆಲಸ ಬಲ್ಲವನೇ, ಆದರೆ ಅವನ ಜೀವ ಇದ್ದದ್ದು ಹಿತ್ತಿಲ ಗರಡಿಯಲ್ಲಿ. ಅಲ್ಲಿ ಅವನು ಊರ ಹುಡುಗರಿಗೆ ದೊಣ್ಣೆವರಸೆ ಕಲಿಸುತ್ತಿದ್ದ. ಮಾರ್ನೋಮಿಗೆ ಊರಲ್ಲಿ, ಮುಸಲ್ಮಾನರ ಬಾಬಯ್ಯನ ಹಬ್ಬಕ್ಕೆ ಪಟ್ಟಣದಲ್ಲಿ ನಮ್ಮ ಗರಡಿಯವರು ಆಡುತ್ತಿದ್ದರು. ಜನ ಅವನನ್ನು ವಸ್ತಾದ್ ಎಂದೇ ಕರೆಯುತ್ತಿದ್ದರು. ಅತ್ತಿಗೆ ನಾಗಮಂಗಲದ ಎರಕದವರ ಮಗಳು. ವಿಗ್ರಹ, ಗಂಟೆ ಎರೆಯುವ ಮನೆಯಲ್ಲಿ ಹುಟ್ಟಿ, ದೊಣ್ಣೆ ಸದ್ದಿನ ಮನೆಗೆ ಬಂದವಳು.

ಅವಳು ಗರಡಿಗೆ ಹೊಲಿಯಲು ಶುರುಮಾಡಿದ್ದು ನನ್ನಿಂದ. ಒಂದು ದಿನ ಆಟದಲ್ಲಿ ಎದುರಾಳಿಯ ದೊಣ್ಣೆ ನನ್ನ ಕಿವಿಯ ಮೇಲೆ ಕೂತಿತು. ಕಿವಿ ಹರಿದು ನೇತಾಡುತ್ತಿತ್ತು. ಅತ್ತಿಗೆ ಅರಿಶಿನ ಮೆತ್ತಿ ಬಟ್ಟೆ ಕಟ್ಟಿದಳು. ಕಟ್ಟುತ್ತಾ ತಲೆಯ ಸುತ್ತಳತೆಯನ್ನು ಗೇಣಿನಲ್ಲಿ ಅಳೆದುಕೊಂಡಳೆಂದು ನನಗೆ ಆಮೇಲೆ ತಿಳಿಯಿತು. ಗಾಯ ಮಾಯುವ ಹೊತ್ತಿಗೆ ಒಂದು ಕುಲಾವಿ ಸಿದ್ಧವಾಗಿತ್ತು. ಕೂಸುಗಳಿಗೆ ಕಿವಿ ಮುಚ್ಚುವಂತೆ ಹಾಕುತ್ತೇವಲ್ಲ, ಅಂಥದ್ದೇ. ಒಳಗೆ ಹತ್ತಿ, ಕಿವಿಯ ಜಾಗದಲ್ಲಿ ಬಟ್ಟೆಯನ್ನು ಸುತ್ತಿ ಮಾಡಿದ ಸಿಂಬಿ. ಅದನ್ನು ಹಾಕಿಕೊಂಡು ಗರಡಿಗೆ ಹೋದರೆ ಎಲ್ಲರೂ ಬಿದ್ದು ಬಿದ್ದು ನಕ್ಕರು.

"ಏನ್ಲಾ, ತೊಟ್ಲಿಂದ ಎದ್ ಬಂದ್ಯಾ?"

"ಆಲು ಕುಡುದ್ಯಾ ಕಂದಾ?"

ಅಣ್ಣನೂ ನಕ್ಕ. ನಕ್ಕು ದೊಣ್ಣೆ ಎತ್ತಿ ಕಿವಿಯ ಮೇಲೆ ಒಂದು ಬಾರಿಸಿದ. ನಾನು ಕದಲಲಿಲ್ಲ. ನಗು ನಿಂತಿತು. ಆ ಮಾರ್ನೋಮಿಯೊಳಗೆ ಗರಡಿಯಲ್ಲಿ ಕುಲಾವಿ ಇಲ್ಲದ ತಲೆಯೇ ಇರಲಿಲ್ಲ.

ಆಮೇಲೆ ಹತ್ತಿ ಅಂಗಿ ಬಂತು, ಮುಂಗೈಪಟ್ಟಿ ಬಂತು. ಹಳೆಯ ಸೀರೆಗಳನ್ನು ಪದರಪದರವಾಗಿ ಇಟ್ಟು, ಉದ್ದುದ್ದ ಸಾಲು ಹೊಲಿದು, ಸಾಲಿನೊಳಗೆ ಹತ್ತಿ ತುಂಬಿದ್ದು ಅಂಗಿ. ಮುಂಗೈಪಟ್ಟಿಯೊಳಗೆ ಬಿದಿರಿನ ದಬ್ಬೆಗಳು. ದಬ್ಬೆ ಸೀಳಿ ಕೊಡುವುದು ನನ್ನ ಕೆಲಸ. ಅವಳು ಒಂದೊಂದನ್ನೂ ಬಗ್ಗಿಸಿ ನೋಡಿ, ಸೇರದ್ದನ್ನು ಒಲೆಗೆ ಹಾಕುತ್ತಿದ್ದಳು. ಬೆವರು ಕುಡಿದು ಹತ್ತಿ ಗಂಟು ಕಟ್ಟುತ್ತಿತ್ತು, ಇಲಿ ಕಡಿಯುತ್ತಿತ್ತು, ಹೊಲಿಗೆ ಬಿಡುತ್ತಿತ್ತು. ಹಬ್ಬ ಮುಗಿದ ಮೇಲೆ ಎಲ್ಲವನ್ನೂ ಬಿಚ್ಚಿ, ಬಿಸಿಲಿಗೆ ಹರವಿ, ಹತ್ತಿ ಹಿಂಜಿ, ಮತ್ತೆ ತುಂಬುತ್ತಿದ್ದಳು. ನಮ್ಮ ಜಗುಲಿಯಲ್ಲಿ ವರ್ಷವೆಲ್ಲ ಗಂಡಸರ ಬೆವರಿನ ವಾಸನೆ. ಅವ್ವ ಗೊಣಗುತ್ತಿದ್ದಳು: "ಮನೇನೋ ಎಮ್ಮೆ ಕೊಟ್ಗೇನೋ!"

ಅಂಗಿ ಯಾವ ಜಾಗದಲ್ಲಿ ಸವೆದಿದೆ ಎಂದು ನೋಡಿ ಅತ್ತಿಗೆ ತೊಟ್ಟವನ ಆಟ ಹೇಳುತ್ತಿದ್ದಳು. ಗರಡಿಯೊಳಗೆ ಹೆಂಗಸರು ಕಾಲಿಡುವಂತಿರಲಿಲ್ಲ. ಅವಳು ಒಂದು ಆಟವನ್ನೂ ನೆಟ್ಟಗೆ ನೋಡಿದವಳಲ್ಲ. ಆದರೂ ಊಟಕ್ಕೆ ಬಡಿಸುತ್ತಾ ಅಣ್ಣನಿಗೆ ಹೇಳುತ್ತಿದ್ದಳು, "ಆ ಕುಂಬಾರ್ರ ಉಡ್ಗ ಎಡಗಡೆ ತಡಿಯಾದೇ ಇಲ್ಲ. ನಾನೆಷ್ಟ್ ಸತಿ ಅಂತ ಒಲೀಲಿ ಆ ಪಕ್ಕೆಯ? ಒಸಿ ಯೋಳ್ಕೊಡು ಅವುನ್ಗೆ." ಅಣ್ಣ ತುತ್ತು ಕೈಯಲ್ಲೇ ಹಿಡಿದು ಅವಳನ್ನು ನೋಡುತ್ತಿದ್ದ. ಅವನು ಹೊರಗೆ ಯಾರ ಮುಂದೆಯೂ ಹೆಂಡತಿಯನ್ನು ಹೊಗಳಿದವನಲ್ಲ. ಮಾರನೆಯ ದಿನ ಮಾತ್ರ ಕುಂಬಾರರ ಹುಡುಗನಿಗೆ ಎಡಗಡೆಯೇ ಏಟು ಬೀಳುತ್ತಿತ್ತು.

ನಮ್ಮೂರ ಬಂಡೆಗಳ ಹತ್ತಿರ ಸುಲ್ತಾನರ ಚಾಕರಿಯಲ್ಲಿದ್ದ ಪರಂಗಿಯವರ ಪಾಳ್ಯವಿತ್ತು. ಅಲ್ಲಿಂದ ಒಬ್ಬ ಕೆಂಪು ಮೂತಿಯವನು ಆಟ ನೋಡಲು ಬಂದು ಕೂರುತ್ತಿದ್ದ. ಒಂದು ದಿನ ಚರ್ಮದ ಒಂದು ಎದೆಕವಚ ಹಿಡಿದು ಬಂದ. ಅವರ ದೇಶದಲ್ಲಿ ಮೊಂಡು ಕತ್ತಿಯ ಆಟ ಕಲಿಯುವಾಗ ಅದನ್ನು ಎದೆಗೆ ಕಟ್ಟಿಕೊಳ್ಳುತ್ತಾರಂತೆ. ಹೊಲಿಗೆ ಬಿಟ್ಟುಹೋಗಿತ್ತು. ಕೈಸನ್ನೆಯಲ್ಲೇ ಕೇಳಿದ. ಅವ್ವ "ಮುಟ್ಬ್ಯಾಡ ಕಣೇ, ಅದ್ಯಾವ್ ದನದ್ದೋ ಏನೋ" ಎಂದು ಬಾಗಿಲಲ್ಲೇ ನಿಂತಳು. ಅತ್ತಿಗೆ ತೆಗೆದುಕೊಂಡಳು. ಬಿಟ್ಟ ಹೊಲಿಗೆಯ ಜೊತೆಗೆ ಗಟ್ಟಿಯಿದ್ದ ಹೊಲಿಗೆಯನ್ನೂ ಬಿಚ್ಚಿ, ಒಳಗೆ ಏನು ತುಂಬಿದ್ದಾರೆ, ಹೇಗೆ ತುಂಬಿದ್ದಾರೆ ಎಂದು ಜಗುಲಿಯ ಮೇಲೆ ಹರಡಿಕೊಂಡು ಕೂತಳು. ಕುದುರೆ ಕೂದಲು! ಹತ್ತಿಯ ಹಾಗೆ ಗಂಟು ಕಟ್ಟುವುದಿಲ್ಲ. ಎಲ್ಲವನ್ನೂ ಇದ್ದ ಹಾಗೆ ತುಂಬಿ ಹೊಲಿದುಕೊಟ್ಟು, ಅವ್ವನ ಮಾತಿಗೆ ತಲೆಯ ಮೇಲೆ ನೀರು ಹುಯ್ದುಕೊಂಡು ಒಳಗೆ ಬಂದಳು. ಮರುದಿನದಿಂದ ಕುದುರೆ ಲಾಯಗಳಿಗೆ ಹೋಗಿ ಬಾಲದ ಕೂದಲು ಆಯ್ದು ತರುವ ಕೆಲಸ ನನ್ನ ಕೊರಳಿಗೆ ಬಿತ್ತು.

ಹೊಸದಾಗಿ ಹೊಲಿದದ್ದನ್ನು ಅವಳು ಮೊದಲು ತಾನು ಹಾಕಿಕೊಳ್ಳುತ್ತಿದ್ದಳು. ಹಿತ್ತಿಲ ಬಾಗಿಲು ಹಾಕಿ, ಕುಲಾವಿ ಕಟ್ಟಿಕೊಂಡು, ನನ್ನ ಕೈಗೆ ಒನಕೆ ತುಂಡು ಕೊಟ್ಟು, "ಒಡಿ" ಅನ್ನುತ್ತಿದ್ದಳು.

"ಬ್ಯಾಡ ಅತ್ಗೆ."

"ಒಡೀಲಾ ಅಂದ್ರೆ. ನಾಳಿಕ್ ಯಾರ್ದೋ ಮಗ ಆಕ್ಕಂತಾನೆ ಇದ್ನ."

ಹೊಡೆದರೆ ಕಣ್ಣು ಮುಚ್ಚಿ ನಿಂತು, ಏಟು ತಲೆಯೊಳಗೆ ಎಲ್ಲಿಯವರೆಗೆ ಇಳಿಯಿತು ಎಂದು ಕೇಳಿಸಿಕೊಳ್ಳುವವಳಂತೆ ಇರುತ್ತಿದ್ದಳು. ಏನೂ ನೋವಾಗದಿದ್ದರೆ ಅವಳಿಗೆ ಸಮಾಧಾನವಿಲ್ಲ. ಸ್ವಲ್ಪ ಹತ್ತಿ ಕಿತ್ತು ಹೊರಗೆ ಹಾಕುತ್ತಿದ್ದಳು. ನನಗೆ ಅರ್ಥವಾಗಲಿಲ್ಲ ಎಂದಾಗ ಹೇಳಿದಳು, "ಒಸಿ ನೋಯ್ಬೇಕು ಕಣಪ್ಪ. ನೋವೇ ಆಗ್ದಿದ್ರೆ ತಪ್ಪಿಸ್ಕಳಾದೇ ಮರ್ತ್ಬುಡ್ತಾರೆ. ನೋಯ್ಲಿ, ಮುರೀದಿದ್ರೆ ಸಾಕು."

ಅವಳಿಗೆ ಒಬ್ಬನೇ ಮಗ. ಎರಡು ಕೂಸು ಹೋದ ಮೇಲೆ ಉಳಿದವನು. ಕೈ ಚುರುಕು, ಬಾಯಿ ಇನ್ನೂ ಚುರುಕು. ಮೀಸೆ ಚಿಗುರುವ ಹೊತ್ತಿಗೆ ಗರಡಿಯಲ್ಲಿ ಅಪ್ಪನನ್ನು ಬಿಟ್ಟರೆ ಅವನೇ. ಹಗಲು ನನ್ನ ಜೊತೆ ಕೂತು ಗಾಲಿಯ ನಡುವಿನ ಕಡ್ಡಿಗಳಾದ ಅರ ಕೆತ್ತುತ್ತಿದ್ದ. ಅವನು ಕೆತ್ತಿದ ಅರಕ್ಕೆ ನಾನು ಮತ್ತೆ ಉಳಿ ತಾಗಿಸಬೇಕಾಗುತ್ತಿರಲಿಲ್ಲ. ಅವನ ಮುಂಗೈಪಟ್ಟಿಯನ್ನು ಅತ್ತಿಗೆ ತಿಂಗಳಿಗೊಮ್ಮೆ ಬಿಚ್ಚಿ ಹೊಲಿಯುತ್ತಿದ್ದಳು, ಬಿಚ್ಚುವ ಅಗತ್ಯ ಇರಲಿ, ಬಿಡಲಿ.

ಇಂಗ್ಲಿಷರ ದಂಡು ಪಟ್ಟಣದ ಮೇಲೆ ಬರುತ್ತದೆ ಎಂಬ ಮಾತು ನಿಜವಾಗತೊಡಗಿದಾಗ ಅಮಲ್ದಾರರ ಕಡೆಯವನೊಬ್ಬ ನಮ್ಮ ಗರಡಿಗೆ ಬಂದ. ದೊಣ್ಣೆ ಹಿಡಿಯಬಲ್ಲವರೆಲ್ಲ ಕೋಟೆಗೆ ಬರಬೇಕು, ಬರುವ ವಾರ ಬಂದು ಒಬ್ಬೊಬ್ಬರನ್ನೂ ನೋಡಿ ಕರೆದೊಯ್ಯುತ್ತೇನೆ ಅಂದ. ಜಗುಲಿಯಲ್ಲಿ ಹರಡಿದ್ದ ಅಂಗಿಗಳನ್ನು ಕೋಲಿನಿಂದ ಎತ್ತಿ ನೋಡಿ, "ಇವ್ನೂ ತಗೊಂಡ್ ಬನ್ನಿ" ಅಂದ.

ಅತ್ತಿಗೆ ಬಾಗಿಲ ಮರೆಯಿಂದ ಹೇಳಿದಳು, "ಅವು ದೊಣ್ಣೆಗೆ ಒಲ್ದವು ಸ್ವಾಮಿ. ಗುಂಡ್ ತಡಿಯಾಕಿಲ್ಲ."

"ತಡೀದಿದ್ರೆ ಬೆಚ್ಚಗಾದ್ರೂ ಇರ್ತವಲ್ಲಮ್ಮಾ" ಎಂದು ಅವನು ನಕ್ಕ.

ಅಂದು ಊಟದ ಹೊತ್ತಿನಲ್ಲಿ ಅವಳು ಅಣ್ಣನ ಕಾಲು ಹಿಡಿದಳು. "ನೀನ್ ಓಗು, ಬ್ಯಾಡ ಅನ್ನಾಕಿಲ್ಲ. ಅವುನ್ನ ಬುಟ್ಟೋಗು. ಒಬ್ನೇ ಅವ್ನೆ."

ಅಣ್ಣ ಕಾಲು ಹಿಂದಕ್ಕೆ ಎಳೆದುಕೊಂಡ. "ವಸ್ತಾದ್ ಮಗುನ್ನ ಮನೇಲ್ ಕೂರುಸ್ಬುಟ್ಟು ಊರ್ ಮಕ್ಳುನ್ನ ಎಂಗ್ ಕರ್ಕೊಂಡ್ ಓಗ್ಲಿ? ಆ ತಾಯ್ದೀರ ಮಕ ಎಂಗ್ ನೋಡ್ಲಿ, ನೀನೇ ಯೋಳು."

ಹುಡುಗ ತಾನೇ ಎದ್ದು, "ನಾನ್ ಓಗೋನೇಯಾ. ಯಾರ್ ತಡುದ್ರೂ ನಿಲ್ಲಾಕಿಲ್ಲ" ಅಂದ. ಅವ್ವ ಮೂಲೆಯಲ್ಲಿ ಅಳುತ್ತಿದ್ದಳು. ಅತ್ತಿಗೆ ಎಂಜಲು ಎತ್ತಿದಳು.

ಅಮಲ್ದಾರರ ಕಡೆಯವನು ಬರಲು ಇನ್ನೆರಡು ದಿನವಿರುವಾಗ ಗರಡಿಯಲ್ಲಿ ಎಲ್ಲರೂ ಸೇರಿ ಆಡಿದರು. ಆ ಬೆಳಿಗ್ಗೆ ಅಪ್ಪ ಮಗನಿಗೆ ಒಂದಿಷ್ಟು ಮಾತಾಗಿತ್ತು. ಕೋಟೆಯಲ್ಲಿ ತನ್ನ ಬೆನ್ನ ಹಿಂದೆಯೇ ನಿಲ್ಲಬೇಕು ಎಂದು ಅಣ್ಣ ಹೇಳಿದರೆ ಹುಡುಗ, "ನಿನ್ ಇಂದೆ ನಿಂತ್ಕಳಾಕೆ ನಾನೇನ್ ಎಂಗ್ಸಾ?" ಅಂದಿದ್ದ. ಅದೇ ಬಿಸಿಯಲ್ಲಿ ಇಬ್ಬರೂ ಎದುರಾದರು. ಅಣ್ಣ ಮುಂಗೈಗೆ ಒಂದು ಏಟು ಹಾಕಿದ. ದಿನವೂ ಹಾಕುವ ಏಟು; ಪಟ್ಟಿಯ ಮೇಲೆ ತಡೆದು ಪಕ್ಕಕ್ಕೆ ತಳ್ಳಬೇಕು. ಹುಡುಗ ಸರಿಯಾಗಿಯೇ ಕೈ ಒಡ್ಡಿದ. ಒಣಗಿದ ಕಡ್ಡಿ ಮುರಿದಂಥ ಸದ್ದು ಮೊದಲು ಬಂತು, ಅದರ ಹಿಂದೆಯೇ ಇನ್ನೊಂದು. ಹುಡುಗ ಮಣ್ಣಿನ ಮೇಲೆ ಕೂತುಬಿಟ್ಟ. ಬಲಗೈ ಮಣಿಕಟ್ಟಿನ ಮೇಲೆ ಇರಬಾರದ ಕಡೆ ಬಾಗಿತ್ತು.

ಹೆಂಗಸರು ಬರಬಾರದ ಜಾಗಕ್ಕೆ ಅತ್ತಿಗೆ ಓಡಿಬಂದಳು. ನಾವೆಲ್ಲ ಹುಡುಗನನ್ನು ಹಿಡಿದುಕೊಂಡಿದ್ದಾಗ ಅವಳು ಮೊದಲು ಮಾಡಿದ್ದು ಮುಂಗೈಪಟ್ಟಿಯ ಲಾಡಿ ಬಿಚ್ಚಿ, ಅದನ್ನು ಸೆರಗಿನಲ್ಲಿ ಸುತ್ತಿಕೊಂಡದ್ದು. ತನ್ನ ಕೆಲಸ ಕೆಟ್ಟಿತಲ್ಲ ಎಂಬ ನಾಚಿಕೆಯಿಂದ ಇರಬೇಕು ಎಂದುಕೊಂಡೆ. ಆಮೇಲೆ ಮಗನ ಕೈ ನೋಡಿದಳು. ಅವಳ ಮುಖದಲ್ಲಿ ಅಂಥ ಭಯವನ್ನು ಅದಕ್ಕೆ ಮೊದಲು ನಾನು ನೋಡಿರಲಿಲ್ಲ.

ಚಿನಕುರಳಿಯಿಂದ ಮೂಳೆ ಕಟ್ಟುವವನನ್ನು ಕರೆತಂದೆ. ಅವನು ಬೆರಳಿನಿಂದ ಒತ್ತಿ ಒತ್ತಿ ನೋಡಿ, ಮೂಳೆ ಚೂರಾಗಿದೆ, ಕಟ್ಟುತ್ತೇನೆ, ಕೂಡಿದಂತೆ ಕೂಡಲಿ ಅಂದ. "ಇಂತಾ ಪಟ್ಟಿ ಕಟ್ಕೊಂಡಿದ್ರೂ ಎಂಗ್ ಇಂಗಾಯ್ತು?" ಎಂದು ಅವನು ಕೇಳಿದಾಗ ಅಣ್ಣ ಗೋಡೆಗೆ ಹಣೆ ಹಚ್ಚಿ ನಿಂತಿದ್ದ.

ಅಮಲ್ದಾರರ ಕಡೆಯವನು ಬಂದು ಕಟ್ಟು ಹಾಕಿದ ಕೈ ನೋಡಿ ಹುಡುಗನನ್ನು ಬಿಟ್ಟು ನಡೆದ. ಗರಡಿಯ ಉಳಿದವರೆಲ್ಲ ಹೊರಟರು. ಅಣ್ಣ ಹೊರಡುವ ಮುಂಚೆ ಮಗನ ಮುಂದೆ ಕೂತ. ಹುಡುಗ ಮುಖ ಆಚೆ ತಿರುಗಿಸಿದ. ಅಣ್ಣ ಅವನ ಹೆಗಲು ಮುಟ್ಟಿ ಎದ್ದ. ಅತ್ತಿಗೆ ಅಣ್ಣನ ಅಂಗಿಯ ಲಾಡಿ ಕಟ್ಟುತ್ತಿದ್ದಳು. ಏನೋ ಹೇಳಲು ಬಾಯಿ ತೆರೆದಳು. ಹೊರಗೆ ಯಾರೋ ಕೂಗಿದರು, ಅಣ್ಣ ಹೊರಟುಹೋದ.

ನನ್ನನ್ನೂ ಕರೆದೊಯ್ದರು. ನನ್ನದು ತೋಪಿನ ಗಾಡಿಗಳ ಗಾಲಿ ಸರಿಮಾಡುವ ಕೆಲಸ, ಕೋಟೆಯೊಳಗಿನ ಕಾರ್ಖಾನೆಯಲ್ಲಿ. ಅವ್ವ, ಅತ್ತಿಗೆ, ಹುಡುಗ, ನನ್ನ ಹೆಂಡತಿ, ಎಲ್ಲ ನಾಗಮಂಗಲದ ಎರಕದವರ ಮನೆಗೆ ಹೋದರು. ನಮ್ಮೂರು ಖಾಲಿಯಾಯಿತು.

ಅಣ್ಣನನ್ನು ಹೊಳೆಯಾಚೆ, ಕೋಟೆಗೆ ಕಾವಲಾಗಿ ಕಟ್ಟಿದ್ದ ಒಂದು ಬತ್ತೇರಿಗೆ ಹಾಕಿದ್ದರು. ಒಂದು ಮಧ್ಯಾಹ್ನ ಈಟಿಗೆ ಹಿಡಿ ಹಾಕಿಸಿಕೊಂಡು ಹೋಗಲು ನನ್ನ ಹತ್ತಿರ ಬಂದ. ಬರಿ ಮೈಯಲ್ಲಿದ್ದ.

"ಅಂಗಿ ಎಲ್ಲಣ್ಣಾ?"

"ಕುಂಬಾರ್ರ ಉಡ್ಗುಂಗೆ ಚಳಿಜ್ವರ ಕಣ್ಲಾ. ಒದ್ದುಸ್ದೆ."

ಹಿಡಿ ಕೆತ್ತುವವರೆಗೆ ಮರದ ತುಂಡಿನ ಮೇಲೆ ಕೂತಿದ್ದ. ಮೊದಲು ಊರ ಮಾತು, ಎತ್ತಿನ ಮಾತು. ಆಮೇಲೆ ತನ್ನ ಬಲಗೈಯನ್ನು ತಾನೇ ನೋಡುತ್ತಾ ಹೇಳಿದ, "ನಾನ್ ಜೋರಾಗ್ ಒಡೀಲಿಲ್ಲ ಕಣ್ಲಾ. ದಿನಾ ಒಡ್ಯಂಗೇ ಒಡ್ದೆ ಅಂದ್ಕತೀನಿ. ಆದ್ರೆ ಮುರ್ದೋಯ್ತಲ್ಲ? ಬೆಳಗ್ಗೆ ಮಾತಾಡ್ದ ಅಂತ ಒಳ್ಗೆ ಎಲ್ಲೋ ಕೋಪ ಇತ್ತೇನೋ. ನನ್ಗೇ ಗೊತ್ತಿಲ್ದಂಗೆ ಕೈ ಬಿಗೀತೇನೋ. ಸ್ವಂತ ಮಗನ್ ಕೈಯ."

"ಆಟ್ದಲ್ಲಿ ಆಯ್ತದೆ ಬುಡಣ್ಣಾ."

"ನನ್ ಕೈಲಿ ಆಗಿರ್ಲಿಲ್ಲ. ಇಷ್ಟ್ ವರ್ಸ್ದಲ್ಲಿ ಒಬ್ಬುಂದೂ ಮುರ್ದಿರ್ಲಿಲ್ಲ." ಮುಷ್ಟಿ ಬಿಗಿದು ಬಿಚ್ಚಿ, "ಇನ್ಮೇಕೆ ಯಾರ್ಗೂ ಯೋಳ್ಕೊಡಾಕಿಲ್ಲ. ನನ್ ಕೈ ಮೇಲೆ ನನ್ಗೇ ನಂಬ್ಕೆ ಇಲ್ಲ" ಅಂದ. ಈಟಿ ತೆಗೆದುಕೊಂಡು ಹೋದ.

ಅದಾದ ಸ್ವಲ್ಪ ದಿನಕ್ಕೆ ಇಂಗ್ಲಿಷರು ಹೊಳೆಯಾಚೆಯ ಬತ್ತೇರಿಗಳ ಮೇಲೆ ಬಿದ್ದರು. ಆ ಬತ್ತೇರಿಯಲ್ಲಿದ್ದ ನಮ್ಮೂರವರಲ್ಲಿ ಯಾರೂ ಹಿಂದಕ್ಕೆ ಬರಲಿಲ್ಲ. ಹೆಣ ಹುಡುಕಲು ಹೋದಾಗ ಎಲ್ಲವನ್ನೂ ಒಂದೇ ಹಳ್ಳಕ್ಕೆ ಹಾಕಿ ಮುಚ್ಚಿದ್ದರು. ಆಮೇಲೆ ರಾಜಿಯಾಯಿತು, ದಂಡು ಹೋಯಿತು, ನನ್ನನ್ನು ಬಿಟ್ಟರು. ನಾನು ನಾಗಮಂಗಲಕ್ಕೆ ನಡೆದೆ.

ಅಳುವುದೆಲ್ಲ ಆಯಿತು. ಅತ್ತಿಗೆಯ ಕೈಯ ಬಳೆ ಹೋದವು. ಕೆಲವು ದಿನ ಕಳೆದ ಮೇಲೆ ಎರಕದ ಮನೆಯ ಹಿಂದೆ ಮಣ್ಣಿನ ಅಚ್ಚುಗಳ ಸಾಲಿನ ಪಕ್ಕ ಅವಳು ಒಬ್ಬಳೇ ಕೂತಿದ್ದಳು. ಅಣ್ಣ ಕಡೆಗೆ ಏನು ಹೇಳಿದ ಎಂದು ಕೇಳಿದಳು. ಅವಳಿಗೆ ಸಮಾಧಾನವಾಗಲಿ ಎಂದೇ ಹೇಳಿದೆ. ಮಗನ ಕೈ ನೆನೆದು ಎಷ್ಟು ನೊಂದುಕೊಂಡಿದ್ದ, ತನ್ನ ಮೇಲೆ ತನಗೇ ನಂಬಿಕೆ ಹೋಗಿತ್ತು, ಅಷ್ಟು ಪ್ರೀತಿ ಇತ್ತು ಅವನಿಗೆ ಎಂದೆಲ್ಲ.

ಅವಳು ಅಲ್ಲಾಡದೆ ಕೇಳಿದಳು. ಆಮೇಲೆ ಹೇಳಿದಳು, "ದಬ್ಬೆ ತಗುದ್ಬುಟ್ಟಿದ್ದೆ."

ನನಗೆ ತಿಳಿಯಲಿಲ್ಲ.

"ಪಟ್ಟಿ ಒಳ್ಗಿಂದು. ಬಿದ್ರು ದಬ್ಬೆ ತಗುದ್ಬುಟ್ಟು ಜೋಳದ್ ದಂಟು ಸೀಳಿ ತುಂಬಿದ್ದೆ. ಮುಟ್ಟುದ್ರೆ ಗೊತ್ತಾಗ್ಬಾರ್ದು ಅಂತ. ಮೂಳೆ ಒಂದ್ ಬಿರುಕ್ ಬುಟ್ರೆ ಸಾಕು ಅಂದ್ಕಂಡೆ ಕಣಪ್ಪ. ಒಂದೆಲ್ಡ್ ತಿಂಗ್ಳಿಗೆ ಕೂಡ್ಕತದೆ, ಅಷ್ಟ್ರಲ್ಲಿ ದಂಡು ಓಗಿರ್ತದೆ ಅಂತ. ಅವ್ರಪ್ಪನ ಜೊತೇಲೇ ಆಡ್ತಾನೆ ಅಂತ ನಂಗ್ ಗೊತ್ತಿರ್ಲಿಲ್ಲ. ಚೂರಾಯ್ತದೆ ಅಂತಾನೂ ಗೊತ್ತಿರ್ಲಿಲ್ಲ."

"ಅಣ್ಣುಂಗ್ ಯೋಳ್ಬೋದಾಗಿತ್ತಲ್ಲ ಅತ್ಗೆ!"

"ಯೋಳಿದ್ರೆ ಆ ಕೈಯಲ್ಲೇ ಕರ್ಕೊಂಡ್ ಓಗೋನು. ನಿಮ್ಮಣ್ಣ ಅಂತೋನೇ ಅಲ್ವಾ?" ಅವಳ ದನಿ ಅಳುವಿನದಾಗಿರಲಿಲ್ಲ. "ಬಂದ್ ಮೇಕೆ ಯೋಳಾನ ಅಂತಿದ್ದೆ."

ನಾನು ಎದ್ದು ಹೊರಗೆ ಹೋದೆ. ಸಿಟ್ಟು ಬಂದಿತ್ತು. ಕೆರೆ ಏರಿಯವರೆಗೆ ನಡೆದೆ. ಅಲ್ಲಿ ನಿಂತು ಯೋಚಿಸಿದರೆ ನನ್ನ ಸಿಟ್ಟಿಗೆ ನಿಲ್ಲಲು ಜಾಗವೇ ಇರಲಿಲ್ಲ. ಗರಡಿಯಿಂದ ಹೋದವರಲ್ಲಿ ಯಾರೂ ಉಳಿದಿಲ್ಲ. ಹುಡುಗ ಉಳಿದಿದ್ದ.

ಹಿರೋಡೆಗೆ ಮರಳಿದೆವು. ಮನೆಯ ಮಾಡು ಸುಟ್ಟಿತ್ತು, ಗರಡಿಯ ಮಣ್ಣಿನಲ್ಲಿ ದಂಡಿನವರು ಕುದುರೆ ಕಟ್ಟಿದ್ದರು. ಕಟ್ಟು ಬಿಚ್ಚಿದಾಗ ಹುಡುಗನ ಮಣಿಕಟ್ಟು ಸೆಟೆದುಕೊಂಡೇ ಕೂಡಿತ್ತು. ಬೆರಳುಗಳು ಅರ್ಧ ಮಡಿಸಿದಂತೆ ನಿಂತಿದ್ದವು. ಉಳಿ ಹಿಡಿಯಲು ಆಗಲಿಲ್ಲ. ಎಡಗೈಯಲ್ಲಿ ಪ್ರಯತ್ನಿಸಿ ಒಂದು ದಿನ ಅರವನ್ನೇ ಸೀಳಿ, ಉಳಿಯನ್ನು ಹಿತ್ತಿಲಿಗೆ ಎಸೆದ. ಆಮೇಲೆ ಕೆಲಸಕ್ಕೆ ಕೂರಲಿಲ್ಲ.

ಗರಡಿಯಿಂದ ಕೋಟೆಗೆ ಹೋಗಿ ಸತ್ತವರ ತಾಯಂದಿರು, ಹೆಂಡಿರು, ಮನೆಯಲ್ಲಿ ಉಳಿದಿದ್ದ ಹಳೆಯ ಅಂಗಿಗಳನ್ನು ಹಿಡಿದು ಒಬ್ಬೊಬ್ಬರಾಗಿ ಅತ್ತಿಗೆಯ ಹತ್ತಿರ ಬಂದರು. ಚಳಿಗೆ ಹೊದೆಯಲು ಏನೂ ಇಲ್ಲ, ಬಿಚ್ಚಿ ಕೌದಿ ಮಾಡಿಕೊಡು ಎಂದು. ಅವಳು ತಾನು ಹೊಲಿದದ್ದನ್ನೆಲ್ಲ ತಾನೇ ಬಿಚ್ಚಿದಳು. ಆ ಚಳಿಗಾಲವೆಲ್ಲ ಅದೇ ಕೆಲಸ. ಕುಂಬಾರರ ಹುಡುಗನ ತಾಯಿ ಒಂದು ಹಳೆಯ ಅಂಗಿ ತಂದಳು. ಎಡ ಪಕ್ಕೆಯಲ್ಲಿ ತೇಪೆಯ ಮೇಲೆ ತೇಪೆ. ಅತ್ತಿಗೆ ಆ ತೇಪೆಗಳನ್ನು ಬಿಚ್ಚದೆ ಹಾಗೆಯೇ ಕೌದಿಯ ನಡುವೆ ಸೇರಿಸಿ ಹೊಲಿದಳು. ಆ ತಾಯಿ ಅದನ್ನು ಮುಟ್ಟಿ ನೋಡಿ ಹೊದ್ದುಕೊಂಡು ಹೋದಳು.

ಹುಡುಗ ಜಗುಲಿಯಲ್ಲಿ ಕೂತು ಬರುವವರ ಮುಂದೆಲ್ಲ ಅಪ್ಪನನ್ನು ಬೈಯಲು ಶುರುಮಾಡಿದ್ದ. ಒಂದು ದಿನ ಪಕ್ಕದ ಮನೆಯವನ ಹತ್ತಿರ, "ಬೇಕಂತ್ಲೇ ಮುರ್ದ ಕಣಣ್ಣಾ. ನಾನ್ ಅವುನ್ಗಿಂತ ಚೆನ್ನಾಗ್ ಆಡ್ತಿದ್ದೆ. ವಟ್ಟೆಕಿಚ್ಚು" ಅಂದದ್ದು ಒಳಗಿದ್ದ ಅತ್ತಿಗೆಗೆ ಕೇಳಿಸಿತು.

ಪಕ್ಕದವನು ಎದ್ದುಹೋಗುವವರೆಗೆ ಕಾದಳು. ನಾನು ಅಂಗಳದಲ್ಲಿ ಮರ ಸೀಳುತ್ತಿದ್ದೆ. ಅವಳು ಬರುವುದನ್ನು ನೋಡಿ, ಹೇಳುತ್ತಾಳೆಂದು ಗೊತ್ತಾಗಿ, "ಬ್ಯಾಡ ಅತ್ಗೆ" ಅಂದೆ.

"ಸತ್ತೋನ್ ಮೇಲೆ ಆ ತಪ್ಪ ಒರುಸ್ಲಾ?" ಎಂದು ಮುಂದೆ ನಡೆದಳು.

ಮಗನ ಎದುರು ನೆಲದ ಮೇಲೆ ಕೂತು, ನನಗೆ ಹೇಳಿದ್ದನ್ನೇ ಹೇಳಿದಳು. ದಬ್ಬೆ ತೆಗೆದದ್ದು, ದಂಟು ತುಂಬಿದ್ದು, ಪಟ್ಟಿಯನ್ನು ಅಂದೇ ಒಲೆಗೆ ಹಾಕಿದ್ದು. ಒಂದು ಮಾತನ್ನೂ ತನ್ನ ಅನುಕೂಲಕ್ಕೆ ಬಗ್ಗಿಸಿಕೊಳ್ಳಲಿಲ್ಲ. ಹುಡುಗ ಕೇಳುತ್ತಾ ತನ್ನ ಸೆಟೆದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡ.

"ಅಪ್ಪುಂಗ್ ಗೊತ್ತಿತ್ತಾ?"

"ಇಲ್ಲ."

"ನನ್ನ ಒಂದ್ ಮಾತ್ ಕೇಳ್ಬೋದಾಗಿತ್ತಲ್ಲವ್ವಾ."

"ಕೇಳಿದ್ರೆ ಒಪ್ತಿದ್ದಾ?"

ಅವನು ಯೋಚಿಸಿದ. "ಇಲ್ಲ" ಅಂದ.

ಕೂಗಾಡುತ್ತಾನೆಂದು ನಾನು ಹತ್ತಿರ ಹೋಗಿ ನಿಂತಿದ್ದೆ. ಕೂಗಾಡಲಿಲ್ಲ. ಒಳಗೆ ಹೋಗಿ ಒಂದು ಕಂಬಳಿ ತೆಗೆದುಕೊಂಡು ಬಂದ. ಅಜ್ಜಿಯ ಕಾಲಿಗೆ ಬಿದ್ದ, ನನ್ನ ಕಾಲಿಗೆ ಬಿದ್ದ. ತನ್ನ ಹೆತ್ತವ್ವನ ಮುಂದೆ ಸ್ವಲ್ಪ ಹೊತ್ತು ನಿಂತ. ಹಾಗೆಯೇ ದಾಟಿಕೊಂಡು ಹೋದ. ಅತ್ತಿಗೆ ಹಿಂದಿನಿಂದ ಕರೆಯಲಿಲ್ಲ. ಅತ್ತಿಕುಪ್ಪೆ ಸೀಮೆಯ ಗೋವಿಂದನಹಳ್ಳಿಯಲ್ಲಿ ಯಾರದೋ ದನ ಕಾಯುತ್ತಿದ್ದಾನೆಂದು ಮುಂದಿನ ಮಳೆಗಾಲದಲ್ಲಿ ತಿಳಿಯಿತು. ನಾನು ಎರಡು ಸಲ ಹೋಗಿ ಕರೆದೆ. ಊಟ ಹಾಕಿಸಿದ, ಎತ್ತಿನ ಮಾತು ಆಡಿದ, 'ಅವ್ವ' ಎನ್ನುವ ಮಾತು ಬಂದ ಕೂಡಲೇ ಎದ್ದು ಕೊಟ್ಟಿಗೆಗೆ ಹೋದ.

ಕೆಲವು ವರ್ಷಗಳ ಮೇಲೆ ಊರಲ್ಲಿ ಹೊಸ ಹುಡುಗರು ಬೆಳೆದರು. ಗರಡಿಯ ಮಣ್ಣು ಹದಮಾಡಿ ಆಡಲು ಶುರುಮಾಡಿದರು. ಕಲಿಸಲು ಯಾರೂ ಇರಲಿಲ್ಲ. ನನಗೆ ಬಂದಷ್ಟು ತೋರಿಸಿದೆ. ಪಟ್ಟಿ ಹೊಲಿದುಕೊಡು ಎಂದು ಅತ್ತಿಗೆಯನ್ನು ಕೇಳಿದರು. ಬಹಳ ದಿನ ಆಗುವುದಿಲ್ಲ ಎಂದಳು. ಒಬ್ಬನ ಬೆರಳು ಮುರಿದ ಮೇಲೆ ಒಪ್ಪಿಕೊಂಡಳು. ಆದರೆ ಹೊಲಿದದ್ದನ್ನು ಕೊಡುವಾಗ ಒಂದು ಬದಿಯ ಹೊಲಿಗೆಯನ್ನು ಹಾಕದೆ ಬಿಟ್ಟಿರುತ್ತಿದ್ದಳು. "ಒಳಿಕ್ ಕೈ ಆಕ್ ನೋಡು. ದಬ್ಬೆ ಬಗ್ಗುಸ್ ನೋಡು. ನೋಡ್ದೆ ಕಟ್ಕಬ್ಯಾಡ" ಅನ್ನುತ್ತಿದ್ದಳು. ಹುಡುಗರು ಸುಮ್ಮನೆ ನಗುತ್ತಾ, "ನೀನ್ ಒಲ್ದಿದ್ನ ನೋಡಾದೇನಜ್ಜಿ" ಎಂದರೆ ಕೊಡುತ್ತಲೇ ಇರಲಿಲ್ಲ. ಅವರು ಬಗ್ಗಿಸಿ ನೋಡಿದ ಮೇಲೆಯೇ ಅವರ ಎದುರಿಗೆ ಆ ಬದಿ ಹೊಲಿಯುತ್ತಿದ್ದಳು. ಮುದುಕಿಗೆ ಅರಳುಮರಳು ಎಂದು ಅವರು ಅಂದುಕೊಂಡರು. ಅವಳಿಗೆ ಅಂಥ ವಯಸ್ಸೇನೂ ಆಗಿರಲಿಲ್ಲ. ಕೂದಲು ಮಾತ್ರ ಪೂರ್ತಿ ಬೆಳ್ಳಗಾಗಿತ್ತು.

ಆ ಹುಡುಗರನ್ನೂ ಕರೆದೊಯ್ಯುವ ದಿನ ಬಂತು. ಇಂಗ್ಲಿಷರು ಎರಡನೆಯ ಸಲ ಪಟ್ಟಣಕ್ಕೆ ಮುತ್ತಿದರು. ಈ ಸಲ ಅತ್ತಿಗೆ ಬಾಗಿಲ ಮರೆಯಿಂದ ಏನೂ ಹೇಳಲಿಲ್ಲ. ಊರು ಮತ್ತೆ ಖಾಲಿಯಾಯಿತು. ಅವಳಿಗೆ ಆಗಲೇ ಜ್ವರ ಹಿಡಿದಿತ್ತು. ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸಿಕೊಂಡು ನಾಗಮಂಗಲಕ್ಕೆ ಹೋದೆವು. ಗಾಳಿ ಆ ಕಡೆಯಿಂದ ಬೀಸಿದರೆ ಅಲ್ಲಿಯವರೆಗೂ ತೋಪಿನ ಸದ್ದು ಸಣ್ಣಗೆ ಬರುತ್ತಿತ್ತು. ಅವಳು ಊಟ ಬಿಟ್ಟಳು. ಒಂದು ಬೆಳಿಗ್ಗೆ ನನ್ನನ್ನು ಕರೆದು, "ಒಂದ್ ಕಿತ ಓಗ್ ಬತ್ತೀಯಾ?" ಅಂದಳು. ಎಲ್ಲಿಗೆಂದು ನಾನು ಕೇಳಲಿಲ್ಲ.

ಗೋವಿಂದನಹಳ್ಳಿಯ ಗುಡಿಯ ಕಲ್ಲುಕಟ್ಟೆಯ ಮೇಲೆ ಅವನು ಸಿಕ್ಕಿದ. ದೊಡ್ಡವನಾಗಿದ್ದ; ಮುಖ ಅಣ್ಣನದೇ. ಮದುವೆಯಾಗಿತ್ತು, ನಮಗೆ ಹೇಳಿರಲಿಲ್ಲ. ತೊಡೆಯ ಮೇಲೆ ಒಂದು ಹೆಣ್ಣು ಕೂಸು ಇತ್ತು.

"ನಿಮ್ಮವ್ವ ಉಳಿಯಾಕಿಲ್ಲ ಕಣ್ಲಾ" ಅಂದೆ. "ಬಾ. ಏನೂ ಮಾತಾಡ್ಬ್ಯಾಡ. ಮಕ ತೋರ್ಸು ಸಾಕು."

ಅವನು ಕೂಸಿನ ಮೂಗು ಒರೆಸಿದ. "ನಾನ್ ಬದ್ಕಿದೀನಿ ಅಂತ ಯೋಳು ಚಿಕ್ಕಪ್ಪ. ಅವ್ಳಿಗ್ ಬೇಕಾಗಿದ್ದು ಅಷ್ಟೇ ತಾನೇ?"

ಸಂಜೆಯವರೆಗೆ ಕೂತೆ. ಮತ್ತೆ ಕೇಳಿದೆ, ಬೈದೆ, ಅತ್ತೆ. ಅವನ ಹೆಂಡತಿಯೂ ಹೇಳಿದಳು. ಅವನು ಬರಲಿಲ್ಲ.

ಹಿಂದಿರುಗುವಾಗ ದಾರಿಯುದ್ದಕ್ಕೂ ಅವನ ಮಾತನ್ನು ಅತ್ತಿಗೆಗೆ ಹೇಗೆ ಹೇಳಲಿ ಎಂದು ಯೋಚಿಸಿದೆ. ಆ ಹೊತ್ತಿಗೆ ತೋಪಿನ ಸದ್ದು ನಿಂತುಹೋಗಿತ್ತು. ನಾಗಮಂಗಲದ ಬೀದಿಯಲ್ಲಿ ಜನ ಗುಂಪುಗುಂಪಾಗಿ ನಿಂತು, ಪಟ್ಟಣ ಬಿತ್ತಂತೆ ಎಂದು ಪಿಸುಗುಟ್ಟುತ್ತಿದ್ದರು.

ಅತ್ತಿಗೆಗೆ ಎಚ್ಚರವಿತ್ತು. ನನ್ನ ಹಿಂದೆ ಬಾಗಿಲ ಕಡೆ ನೋಡಿದಳು. ಅಲ್ಲಿ ಯಾರೂ ಇಲ್ಲವೆಂದು ಖಚಿತವಾದ ಮೇಲೆ ನನ್ನನ್ನು ನೋಡಿದಳು.

"ಎಂಗವ್ನೆ?"

"ಚೆನ್ನಾಗವ್ನೆ ಅತ್ಗೆ. ಮದ್ವೆ ಆಗವ್ನೆ. ಒಂದ್ ಎಣ್ಮಗು ಐತೆ."

ಅವಳ ಮುಖ ಸ್ವಲ್ಪ ಅರಳಿತು. ಕಣ್ಣು ಮುಚ್ಚಿ ಆ ಮಾತನ್ನು ಒಳಗೆ ಇಟ್ಟುಕೊಂಡಳು. ನಾನು ನೀರು ತರಲು ಏಳುವಾಗ ನನ್ನ ಪಂಚೆಯ ಅಂಚು ಹಿಡಿದು ಕೇಳಿದಳು, "ಮಗೀನ ಎತ್ಕತಾನಾ?"

ಸುಳ್ಳು ಹೇಳಬಹುದಿತ್ತು. ಅವಳ ಮುಂದೆ ನನ್ನ ಬಾಯಿಗೆ ಬರಲಿಲ್ಲ.

"ಎತ್ಕತಾನೆ ಅತ್ಗೆ. ಎಡಗೈಲಿ."

ಅವಳು ನನ್ನ ಪಂಚೆ ಬಿಟ್ಟು ಗೋಡೆಯ ಕಡೆ ಹೊರಳಿದಳು. ನೀರು ತಂದೆ. ಕುಡಿಯಲಿಲ್ಲ.